ಚಂದ್ರನ ಗುಹೆಯ ಮಾಡೆಲ್ ಮಾಡುವುದು ಹೇಗೆ: ವಿಜಯಪುರದ ಮಕ್ಕಳಿಗೂ ಅವರ ಮಾಸ್ತರಿಗೂ

ವಿಜ್ಞಾನ ವಸ್ತುಪ್ರದರ್ಶನಕ್ಕೆ ‘ಚಂದ್ರನ ಮೇಲೆ ಮನೆ’ ಅಂದ ಕೂಡಲೇ ಎಲ್ಲರೂ ಮಾಡುವುದು ಒಂದೇ. ಬಿಳಿ ಥರ್ಮಾಕೋಲ್ ಹಾಳೆ, ಅದರ ಮೇಲೆ ಬೋರಲು ಹಾಕಿದ ಪ್ಲಾಸ್ಟಿಕ್ ಬಟ್ಟಲು, ಪಕ್ಕಕ್ಕೊಂದು ಧ್ವಜ, ಸುತ್ತ ಸೀರಿಯಲ್ ಸೆಟ್. ನೋಡಲು ಚೆಂದ. ಆದರೆ ಅಂಥ ಮನೆಯಲ್ಲಿ ಜಾಸ್ತಿ ದಿನ ಇರಲು ಆಗುವುದಿಲ್ಲ, ಮತ್ತು ತೀರ್ಪುಗಾರರಲ್ಲಿ ಒಬ್ಬರಾದರೂ ಸರಿಯಾಗಿ ಓದಿಕೊಂಡವರಿದ್ದರೆ ನಿಮ್ಮ ಬಟ್ಟಲು ಅಲ್ಲೇ ಮುಗಿಯಿತು.

ಈ ಸಲ ಗುಹೆ ಮಾಡಿ. ಖರ್ಚು ಕಡಿಮೆ, ಅಳತೆ ಪಕ್ಕಾ, ಕೇಳುವ ಪ್ರಶ್ನೆಗೆಲ್ಲ ಉತ್ತರ ಇದೆ. ಒಂದು ಮಾತು ಮಾತ್ರ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ, ಇಡೀ ಮಾಡೆಲ್ ನಿಂತಿರುವುದು ಅದರ ಮೇಲೆ: ಗುಹೆ ನಮಗೆ ಪುಕ್ಕಟೆ ಕೊಡುವುದು ಚಾವಣಿ ಒಂದೇ. ಗಾಳಿ, ನೀರು, ಕರೆಂಟು, ಇಳಿಯುವ ದಾರಿ ಯಾವುದನ್ನೂ ಅದು ಕೊಡುವುದಿಲ್ಲ. ‘ಗುಹೆ ಸಿಕ್ಕಿತು, ಇನ್ನೇನು ಊರು ಕಟ್ಟಿದರಾಯಿತು’ ಅಂತ ಚಾರ್ಟ್ ಮೇಲೆ ಬರೆಯಬೇಡಿ.

ಮೊದಲು ವಿಷಯ ಗೊತ್ತಿರಲಿ

ಚಂದ್ರನಲ್ಲಿ ಹಗಲು ನಮ್ಮ ಸುಮಾರು 14 ದಿನ, ರಾತ್ರಿಯೂ ಅಷ್ಟೇ. ಸಮಭಾಜಕದ ಹತ್ತಿರ ಮಧ್ಯಾಹ್ನ 120 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ರಾತ್ರಿ ಮೈನಸ್ 170ಕ್ಕೆ ಇಳಿಯುತ್ತದೆ. ಗಾಳಿ ಇಲ್ಲದ್ದರಿಂದ ಸಣ್ಣ ಉಲ್ಕೆಯ ಕಣಗಳು ಉರಿದು ಹೋಗದೆ ಸೀದಾ ನೆಲಕ್ಕೆ ಬಡಿಯುತ್ತವೆ. ಇವೆರಡಕ್ಕಿಂತ ದೊಡ್ಡ ತಲೆನೋವು ವಿಕಿರಣ. 2019ರಲ್ಲಿ ಚಂದ್ರನ ನಮಗೆ ಕಾಣದ ಆ ಕಡೆಯ ಮುಖದಲ್ಲಿ ಇಳಿದ ಚೀನಾದ ಚಾಂಗ್-ಇ 4 ಅಳೆದ ಪ್ರಕಾರ ಅಲ್ಲಿ ದಿನಕ್ಕೆ ಸುಮಾರು 1,369 ಮೈಕ್ರೋಸೀವರ್ಟ್ (ಮೈಗೆ ಬೀಳುವ ವಿಕಿರಣದ ಅಳತೆ) ಬೀಳುತ್ತದೆ, ಅಂದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಇರುವವರಿಗೆ ಬೀಳುವುದರ ಎರಡೂವರೆ ಪಟ್ಟಿಗೂ ಜಾಸ್ತಿ. ಒಂದು ವಾರ ಹೋಗಿ ಬರುವವರಿಗೆ ನಡೆಯುತ್ತದೆ. ಸಂಸಾರ ಹೂಡುವವರಿಗೆ ತಲೆಯ ಮೇಲೆ ಮೀಟರುಗಟ್ಟಲೆ ಕಲ್ಲೋ ಮಣ್ಣೋ ಬೇಕೇ ಬೇಕು. ಅದನ್ನು ಹೊತ್ತು ಹಾಕಲು ಅಲ್ಲಿ ಜೆಸಿಬಿ ಇಲ್ಲ. ಹಾಗಾಗಿ ಗುಹೆ.

ಈ ಗುಹೆ ಆದದ್ದು ಹೇಗೆ? ನೂರಾರು ಕೋಟಿ ವರ್ಷಗಳ ಹಿಂದೆ ಚಂದ್ರನಲ್ಲಿ ಲಾವಾ ಹರಿಯಿತು. ಮೇಲಿನ ಪದರು ತಣ್ಣಗಾಗಿ ಗಟ್ಟಿಯಾಯಿತು, ಒಳಗಿನ ಲಾವಾ ಹರಿಯುತ್ತಲೇ ಹೋಗಿ ಖಾಲಿಯಾಯಿತು, ಉಳಿದದ್ದು ಟೊಳ್ಳು ಕೊಳವೆ. ಅದರ ಚಾವಣಿ ಎಲ್ಲೋ ಒಂದು ಕಡೆ ಕುಸಿದಾಗ ಮೇಲಿನಿಂದ ಕಾಣುವ ಗುಂಡಿ ಆಗುತ್ತದೆ. ನೋಡಲು ಬಂದ ಹಿರಿಯರಿಗೆ ‘ಲಾವಾ ಟ್ಯೂಬ್’ ಅಂತೆಲ್ಲ ಹೇಳುತ್ತ ನಿಲ್ಲಬೇಡಿ, ‘ಹಗೇವು ಇದ್ದಂಗ್ರಿ, ಬಾಯಿ ಸಣ್ಣದು, ಒಳಗೆ ಅಗಲ’ ಅನ್ನಿ, ತಕ್ಷಣ ಗೊತ್ತಾಗುತ್ತದೆ. ಹಗೇವು ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ. ಒಳಗೆ ಉಸಿರಾಡುವಂಥ ಗಾಳಿ ಇರುವುದಿಲ್ಲ ಅಂತ ಅದನ್ನು ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ ಅನ್ನುವುದೂ ಅವರಿಗೆ ಗೊತ್ತು. ಆ ಮಾತು ಮುಂದೆ ಗಾಳಿಯ ಪ್ರಶ್ನೆಗೆ ಉಪಯೋಗಕ್ಕೆ ಬರುತ್ತದೆ.

ಇಂಥ ಗುಂಡಿಯನ್ನು ಮೊದಲು ಗುರುತಿಸಿದ್ದು 2009ರಲ್ಲಿ, ಜಪಾನಿನ ಕಗುಯಾ ನೌಕೆಯ ಚಿತ್ರಗಳಲ್ಲಿ, ಮರಿಯಸ್ ಹಿಲ್ಸ್ ಅನ್ನುವ ಕಡೆ. ಆಮೇಲೆ ನಾಸಾದ ಎಲ್‌ಆರ್‌ಒ ನೌಕೆ 200ಕ್ಕೂ ಹೆಚ್ಚು ಗುಂಡಿಗಳನ್ನು ತೋರಿಸಿಕೊಟ್ಟಿದೆ. ನಮ್ಮ ಚಂದ್ರಯಾನ-1ರ ಕ್ಯಾಮೆರಾ ಚಿತ್ರಗಳನ್ನು ನೋಡಿ ಅಹಮದಾಬಾದಿನ ಇಸ್ರೋ ವಿಜ್ಞಾನಿಗಳು ಸುಮಾರು 1.7 ಕಿ.ಮೀ. ಉದ್ದದ, ಚಾವಣಿ ಕುಸಿಯದ ಕೊಳವೆಯೊಂದನ್ನು ಗುರುತಿಸಿ 2011ರಲ್ಲಿ ಪ್ರಕಟಿಸಿದರು. ಇದನ್ನು ಚಾರ್ಟಿನಲ್ಲಿ ದೊಡ್ಡದಾಗಿಯೇ ಬರೆಯಿರಿ, ನಮ್ಮವರ ಕೆಲಸ ನಮ್ಮವರಿಗೇ ಗೊತ್ತಿಲ್ಲ.

ನಾವು ಮಾಡೆಲ್ ಮಾಡುವುದು ಇವು ಯಾವುವನ್ನೂ ಅಲ್ಲ. ಮಾರೆ ಟ್ರಾಂಕ್ವಿಲಿಟಾಟಿಸ್, ಅಂದರೆ ಶಾಂತಿಸಾಗರದ ಗುಂಡಿಯನ್ನು. ಅಪೊಲೊ 11 ಇಳಿದ ಜಾಗದಿಂದ ಅದು ಸುಮಾರು 400 ಕಿ.ಮೀ. ದೂರ. ಇದನ್ನೇ ಯಾಕೆ ಹಿಡಿಯಬೇಕು ಅಂದರೆ ಇದರ ಅಳತೆ ಚೆನ್ನಾಗಿ ಸಿಗುತ್ತದೆ. ಎಲ್‌ಆರ್‌ಒ 2010ರಲ್ಲಿ ರೇಡಾರ್‌ನಿಂದ ನೋಡಿದ್ದ ಮಾಹಿತಿಯನ್ನು ಇಟಲಿಯ ಟ್ರೆಂಟೊ ವಿಶ್ವವಿದ್ಯಾಲಯದವರು ಮತ್ತೆ ಹೊಸದಾಗಿ ಲೆಕ್ಕ ಹಾಕಿ, ಗುಂಡಿಯ ತಳದಿಂದ ಪಕ್ಕಕ್ಕೆ ನಿಜವಾಗಿಯೂ ಒಂದು ಗುಹೆ ಹೋಗಿದೆ ಅಂತ 2024ರಲ್ಲಿ ತೋರಿಸಿದರು. ಗುಂಡಿಯ ಬಾಯಿ ಸುಮಾರು 100 ಮೀಟರ್ ಅಗಲ. ಗುಹೆ ಇರುವುದು 130ರಿಂದ 170 ಮೀಟರ್ ಆಳದಲ್ಲಿ, ಸುಮಾರು 45 ಮೀಟರ್ ಅಗಲ, ಉದ್ದ 30ರಿಂದ 80 ಮೀಟರ್.

ಅಳತೆ ಮತ್ತು ಕತ್ತರಿಸುವುದು

ಒಂದು ಸೆಂಟಿಮೀಟರಿಗೆ 5 ಮೀಟರ್ ಹಿಡಿಯಿರಿ. ಗುಂಡಿ 20 ಸೆಂ.ಮೀ. ಅಗಲ, ಗುಹೆ 9 ಸೆಂ.ಮೀ. ಅಗಲ, 16 ಸೆಂ.ಮೀ. ಉದ್ದ. ಇಡೀ ಗುಂಡಿ ಮಾಡಿದರೆ ಒಳಗಿನದು ಯಾರಿಗೂ ಕಾಣುವುದಿಲ್ಲ, ಅದಕ್ಕೆ ಮುಂದಿನಿಂದ ಅರ್ಧಕ್ಕೆ ಸೀಳಿದ ಹಾಗೆ ಮಾಡಬೇಕು.

ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಒಂದು ಇಂಚಿನ ಥರ್ಮಾಕೋಲ್ ಹಾಳೆ ನಾಲ್ಕು ತನ್ನಿ. ಒಂದೊಂದನ್ನು ನಾಲ್ಕು ತುಂಡು ಮಾಡಿದರೆ 50 × 25 ಸೆಂ.ಮೀ. ಅಳತೆಯ 16 ತುಂಡು ಆಗುತ್ತವೆ. ಒಂದರ ಮೇಲೊಂದು ಜೋಡಿಸಿದರೆ 40 ಸೆಂ.ಮೀ. ಎತ್ತರ. ಮೇಲಿನ 11 ತುಂಡುಗಳ ಮುಂದಿನ ಅಂಚಿನಲ್ಲಿ, ಎಡಗಡೆ 6 ಸೆಂ.ಮೀ. ಬಿಟ್ಟು, 20 ಸೆಂ.ಮೀ. ಅಗಲದ ಅರ್ಧವೃತ್ತ ಕತ್ತರಿಸಿ. ಹನ್ನೆರಡು ಮತ್ತು ಹದಿಮೂರನೆಯ ತುಂಡಿಗೆ ಅದೇ ಅರ್ಧವೃತ್ತದ ಜೊತೆ ಬಲಗಡೆಗೆ 16 ಸೆಂ.ಮೀ. ಉದ್ದ, ನಾಲ್ಕೂವರೆ ಸೆಂ.ಮೀ. ಒಳಕ್ಕೆ ಇನ್ನೊಂದು ಸೀಳು ತೆಗೆಯಿರಿ, ಅದೇ ಗುಹೆ. ಕೆಳಗಿನ ಮೂರು ತುಂಡು ಹಾಗೇ ಇರಲಿ, ಅದು ತಳಪಾಯ. ಲೆಕ್ಕ ನೋಡಿ: ಗುಹೆಯ ಚಾವಣಿ ಇಪ್ಪತ್ತೇಳೂವರೆ ಸೆಂ.ಮೀ. ಕೆಳಗೆ, ಅಂದರೆ 137 ಮೀಟರ್, ನೆಲ 162 ಮೀಟರ್. ರೇಡಾರ್ ಹೇಳಿದ ಅಂಕಿಯ ಒಳಗೇ ಬಂತು. ಗುಹೆಯ ಎತ್ತರವನ್ನು ಮಾತ್ರ ನಾವು ಅಂದಾಜಿಗೆ ಇಟ್ಟುಕೊಂಡಿದ್ದೇವೆ, ಹಾಗಂತ ಒಂದು ಚೀಟಿ ಅಂಟಿಸಿ. ಅಂದಾಜನ್ನು ಅಂದಾಜು ಅಂತ ಬರೆದ ಮಾಡೆಲ್‌ಗೆ ಮರ್ಯಾದೆ ಜಾಸ್ತಿ.

ಅಂಟಿಸಲು ಫೆವಿಕಾಲ್. ಅಂಗಡಿಯವರು ಪಟ್ಟನೆ ಒಣಗುತ್ತದೆ ಅಂತ ಹಳದಿ ರಬ್ಬರ್ ಅಂಟು ಕೊಟ್ಟರೆ ಬೇಡ ಅನ್ನಿ, ಅದು ಥರ್ಮಾಕೋಲನ್ನೇ ತಿಂದು ಹಾಕುತ್ತದೆ, ಸ್ಪ್ರೇ ಪೇಂಟೂ ಹಾಗೇ. ಫೆವಿಕಾಲ್ ಒಣಗಲು ಒಂದು ರಾತ್ರಿ ಬಿಡಿ, ಮೇಲೆ ಭಾರ ಇಡಿ. ಮೇಲಿನ 11 ತುಂಡು ಒಂದು ಗಂಟು, ಕೆಳಗಿನ ಐದು ಇನ್ನೊಂದು ಗಂಟು ಮಾಡಿ. ಎರಡನ್ನೂ ಸೇರಿಸಿ ಅಂಟಿಸಬೇಡಿ, ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಇನ್ನು ಬಣ್ಣ. ಬಿಳಿ ಬೇಡ. ಚಂದ್ರ ನಮಗೆ ಬೆಳ್ಳಗೆ ಕಾಣುವುದು ಸುತ್ತಲಿನ ಆಕಾಶ ಕಪ್ಪಗಿರುವುದಕ್ಕೆ. ಅಲ್ಲಿನ ನೆಲ ಡಾಂಬರು ರಸ್ತೆಯಷ್ಟೇ ಮಬ್ಬು. ಊರ ಹೊರಗಿನ ಯಾವುದಾದರೂ ಖಡಿ ಮಷಿನ್ ಹತ್ತಿರ ಹೋಗಿ ಒಂದು ಚೀಲ ಕರಿಕಲ್ಲಿನ ಡಸ್ಟ್, ಒಂದಿಷ್ಟು ಸಣ್ಣ ಖಡಿ ಕೇಳಿ. ಇಲ್ಲಿ ನಮಗೆ ಬೇರೆ ಊರಿನವರಿಗೆ ಇಲ್ಲದ ಅನುಕೂಲ ಇದೆ: ವಿಜಯಪುರದ ಕರಿಕಲ್ಲು ಬಸಾಲ್ಟ್, ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಹರಿದ ಲಾವಾ. ಗೋಲಗುಮ್ಮಟ ಕಟ್ಟಿದ್ದೂ ಅದೇ ಕಲ್ಲಿನಿಂದ. ಶಾಂತಿಸಾಗರದ ನೆಲವೂ ಬಸಾಲ್ಟೇ. ಅಪೊಲೊ 11 ತಂದ ಕಲ್ಲಿನಲ್ಲಿ ಟೈಟಾನಿಯಂ ಜಾಸ್ತಿ ಇತ್ತು, ನೀರಿನಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ ವ್ಯತ್ಯಾಸ ಬಿಟ್ಟರೆ ಒಂದೇ ಜಾತಿಯ ಕಲ್ಲು. ಬಾದಾಮಿಯಿಂದ ಕೆಂಪು ಕಲ್ಲು ತರಬೇಡಿ, ಅದು ಮರಳುಗಲ್ಲು. ‘ಗುಹೆ ಅಂದರೆ ಬಾದಾಮಿ ಗುಹೆಯ ಹಾಗೆ’ ಅಂತಲೂ ಹೇಳಬೇಡಿ, ಅವನ್ನು ಉಳಿ ಹಿಡಿದು ಮನುಷ್ಯರು ಕೊರೆದದ್ದು, ಇದು ತಾನಾಗಿ ಆದದ್ದು.

ಡಸ್ಟನ್ನು ಫೆವಿಕಾಲ್ ನೀರಿಗೆ ಕಲಸಿ ಎಲ್ಲ ಕಡೆ ಬಳಿಯಿರಿ. ಗುಂಡಿಯ ಗೋಡೆಯಲ್ಲಿ ಅಡ್ಡಡ್ಡ ಗೆರೆ ಕಾಣಲಿ, ಎಲ್‌ಆರ್‌ಒ ಚಿತ್ರಗಳಲ್ಲಿ ಲಾವಾ ಪದರು ಪದರಾಗಿ ಕಾಣುತ್ತದೆ. ಕಲ್ಲಿನ ಕ್ವಾರಿಗಳಲ್ಲಿ ನಿಂತು ನೋಡಿದರೆ ನಮ್ಮ ಕಡೆಯೂ ಹಾಗೇ ಕಾಣುತ್ತದೆ. ಗುಂಡಿಯ ತಳದಲ್ಲಿ ಖಡಿ ಸುರಿದು, ಗುಹೆಯ ಬಾಯಿಯ ಕಡೆಗೆ ಇಳಿಜಾರು ಮಾಡಿ. ಅದು ಕುಸಿದು ಬಿದ್ದ ಚಾವಣಿಯ ಕಲ್ಲು.

ಮಾಡೆಲಿನ ಪಕ್ಕಕ್ಕೆ ರಟ್ಟಿನ ಗೋಲಗುಮ್ಮಟ ಇಡಿ. ಅದರ ಎತ್ತರ 51 ಮೀಟರ್, ನಮ್ಮ ಅಳತೆಯಲ್ಲಿ 10 ಸೆಂ.ಮೀ. ಒಂದರ ಮೇಲೊಂದು ಎರಡು ಗುಮ್ಮಟ ಇಟ್ಟರೂ ತುದಿ ಗುಂಡಿಯ ಬಾಯಿಗೆ ಬರುವುದಿಲ್ಲ. ಸಾವಿರ ಅಂಕಿ ಹೇಳುವುದಕ್ಕಿಂತ ಇದು ಬೇಗ ಮನಸ್ಸಿಗೆ ನಾಟುತ್ತದೆ, ಮಕ್ಕಳು ಇದನ್ನೇ ನೋಡುತ್ತ ನಿಲ್ಲುತ್ತಾರೆ. (ಗುಮ್ಮಟದಲ್ಲಿ ಒಂದು ಚಪ್ಪಾಳೆ ಏಳು ಸಲ ಕೇಳುತ್ತದೆ ಅಲ್ವಾ? ಚಂದ್ರನ ಗುಹೆಯಲ್ಲಿ ಒಂದು ಸಲವೂ ಕೇಳುವುದಿಲ್ಲ. ಗಾಳಿಯೇ ಇಲ್ಲ.)

ಒಳಗೆ ಏನಿಡಬೇಕು

ಮನುಷ್ಯರಿಗೆ ಬಿಳಿಜೋಳದ ಕಾಳು. ಬಾಹ್ಯಾಕಾಶ ಉಡುಪು ಹಾಕಿದ ಮನುಷ್ಯ ಎರಡು ಮೀಟರ್ ಅಂದರೆ 4 ಮಿ.ಮೀ., ಒಂದು ಕಾಳು ಸರಿಹೋಗುತ್ತದೆ. ಮನೆಗೆ ಕಾಬೂಲ್ ಕಡಲೆ. ತಮಾಷೆಗೆ ಹೇಳುತ್ತಿಲ್ಲ. ಗಾಳಿ ತುಂಬಿ ಉಬ್ಬಿಸುವ ‘ಬೀಮ್’ ಅನ್ನುವ ಕೋಣೆಯನ್ನು 2016ರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿದರು, ಅದರ ಉದ್ದ ಸುಮಾರು 4 ಮೀಟರ್. ನಮ್ಮ ಅಳತೆಯಲ್ಲಿ 8 ಮಿ.ಮೀ. ನಾಲ್ಕೈದು ಕಡಲೆ ಗುಹೆಯೊಳಗೆ ಸಾಲಾಗಿ ಅಂಟಿಸಿ, ಜಾಗ ಎಷ್ಟು ಉಳಿಯುತ್ತದೆ ನೋಡಿ.

ಗುಹೆಯ ಒಳಗೆ ಮತ್ತೆ ಮನೆ ಯಾಕೆ ಅಂತ ಕೇಳುತ್ತಾರೆ, ಕೇಳಲೇಬೇಕು. ಗುಹೆಯ ಬಾಯಿಗೆ ಮುಚ್ಚಳ ಹಾಕಿ ಒಳಗೆಲ್ಲ ಗಾಳಿ ತುಂಬುವುದು ಆಗದ ಮಾತು. 100 ಮೀಟರ್ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು? ಬಸಾಲ್ಟ್‌ನಲ್ಲಿ ಬಿರುಕು ಇರುತ್ತದೆ, ಗಾಳಿ ಸೋರುತ್ತದೆ. ಅದಕ್ಕೇ ಗುಹೆ ಚಾವಣಿ, ಒಳಗಿನ ಉಬ್ಬು ಕೋಣೆ ಮನೆ. ಉಲ್ಕೆ ಬೀಳದ, ವಿಕಿರಣ ತಾಗದ ಜಾಗ ಆದ್ದರಿಂದ ಆ ಕೋಣೆಯ ಗೋಡೆ ಮೇಲ್ಮೈಯಲ್ಲಿ ಬೇಕಾದಷ್ಟು ದಪ್ಪ ಇರಬೇಕಿಲ್ಲ. ಲಾಭ ಇರುವುದು ಅಲ್ಲಿ.

ಗುಂಡಿಯ ಅಂಚಿನಲ್ಲಿ ಮೂರು ವಸ್ತು ಕಡ್ಡಾಯ: ಸೋಲಾರ್ ಹಾಳೆ, ಆಂಟೆನಾ, ರಾಟೆ. ಕಲ್ಲಿನೊಳಗೆ ರೇಡಿಯೊ ಬರುವುದಿಲ್ಲ, ಹಾಗಾಗಿ ಆಂಟೆನಾದಿಂದ ತಂತಿ ಕೆಳಗೆ ಇಳಿಯಲಿ. ರಾಟೆಗೆ ದಾರ ಕಟ್ಟಿ ಬೆಂಕಿಪೊಟ್ಟಣದ ಲಿಫ್ಟ್ ಇಳಿಸಿ ಹತ್ತಿಸುವಂತೆ ಮಾಡಿ. ಚಂದ್ರನಲ್ಲಿ ತೂಕ ಆರರಲ್ಲಿ ಒಂದು ಭಾಗ, ಬಿದ್ದರೂ ಏನಾಗಲ್ಲ ಅಂತ ಯಾರಾದರೂ ಅಂದರೆ ಲೆಕ್ಕ ತೋರಿಸಿ: 135 ಮೀಟರ್ ಬಿದ್ದರೆ ತಳ ಮುಟ್ಟುವ ಹೊತ್ತಿಗೆ ವೇಗ ಗಂಟೆಗೆ ಸುಮಾರು 75 ಕಿ.ಮೀ., ತಡೆಯಲು ಗಾಳಿಯೂ ಇಲ್ಲ.

ಸೋಲಾರ್ ಹಾಳೆಯ ಪಕ್ಕ ‘14 ದಿನ ರಾತ್ರಿ’ ಅಂತ ಬರೆದು, ದೂರದಲ್ಲಿ ಒಂದು ಸಣ್ಣ ಅಣು ವಿದ್ಯುತ್ ಘಟಕ ಇಡಿ. ಬ್ಯಾಟರಿ ಒಂದರಿಂದ 14 ದಿನ ಕಳೆಯುವುದು ಕಷ್ಟ.

ಬಕೆಟ್ ಪ್ರಯೋಗ

ಇದನ್ನು ಬಿಡಬೇಡಿ, ಮಾಡೆಲಿಗೆ ಜೀವ ಬರುವುದೇ ಇದರಿಂದ. ಒಂದು ಬಕೆಟ್‌ಗೆ ಒಣ ಡಸ್ಟ್ ತುಂಬಿ ಬೆಳಿಗ್ಗೆ ಮಾಳಿಗೆಯ ಮೇಲೆ ಬಿಸಿಲಿಗೆ ಇಡಿ. ಶಾಲೆಯ ಲ್ಯಾಬಿನಿಂದ ಎರಡು ಥರ್ಮಾಮೀಟರ್ ತನ್ನಿ, ಜ್ವರ ನೋಡುವುದು ಬೇಡ. ಒಂದನ್ನು ಮೇಲ್ಪದರಿಗೆ ಸ್ವಲ್ಪವೇ ಹೂಳಿ, ಇನ್ನೊಂದರ ಬುಡ ಸರಿಯಾಗಿ 8 ಸೆಂ.ಮೀ. ಒಳಗೆ ಹೋಗಲಿ. ತಾಸಿಗೊಮ್ಮೆ ಬರೆದುಕೊಂಡು ಗ್ರಾಫ್ ಹಾಕಿ. ಮಧ್ಯಾಹ್ನ ಮೇಲಿನದು ಏರಿದಷ್ಟು ಕೆಳಗಿನದು ಏರುವುದಿಲ್ಲ, ತಡವಾಗಿ ಏರುತ್ತದೆ, ತಡವಾಗಿ ಇಳಿಯುತ್ತದೆ.

8 ಸೆಂ.ಮೀ. ಯಾಕೆ? 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರಲ್ಲಿ ‘ಚೇಸ್ಟ್’ ಅನ್ನುವ ಉಪಕರಣ ಇದನ್ನೇ ಮಾಡಿತು. ಇಸ್ರೋ ಬಿಡುಗಡೆ ಮಾಡಿದ ಮೊದಲ ಗ್ರಾಫಿನಲ್ಲಿ ಮೇಲ್ಮೈ 50 ಡಿಗ್ರಿ ಆಸುಪಾಸು, 8 ಸೆಂ.ಮೀ. ಕೆಳಗೆ ಸುಮಾರು ಮೈನಸ್ 10. ಒಂದು ಗೇಣೂ ಇಲ್ಲದ ಆಳಕ್ಕೆ 60 ಡಿಗ್ರಿ ವ್ಯತ್ಯಾಸ! ಕಣಗಳ ನಡುವೆ ಗಾಳಿ ಇಲ್ಲದ್ದರಿಂದ ಅಲ್ಲಿ ಶಾಖ ಕೆಳಕ್ಕೆ ಹೋಗುವುದೇ ಇಲ್ಲ ಅನ್ನುವಷ್ಟು ನಿಧಾನ. ನಿಮ್ಮ ಗ್ರಾಫನ್ನೂ ಅದನ್ನೂ ಪಕ್ಕಪಕ್ಕ ಅಂಟಿಸಿ.

ಅಲ್ಲಿಂದ ಗುಹೆಗೆ ಬನ್ನಿ. ಶಾಂತಿಸಾಗರದ ಗುಂಡಿಯ ನೆರಳಿನ ಭಾಗದಲ್ಲಿ ಉಷ್ಣತೆ ಸದಾ 17 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ ಅಂತ 2022ರಲ್ಲಿ ಎಲ್‌ಆರ್‌ಒ ಮಾಹಿತಿ ಮತ್ತು ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದಾರೆ. ನಮ್ಮ ಚಳಿಗಾಲದ ಬೆಳಗಿನ ಹವೆ. ಆದರೆ ಅದೇ ಗುಂಡಿಯ ತಳದಲ್ಲಿ ಬಿಸಿಲು ಬೀಳುವ ಜಾಗ ಮೇಲ್ಮೈಗಿಂತಲೂ ಜಾಸ್ತಿ ಕಾಯುತ್ತದೆ, ಸುಮಾರು 149 ಡಿಗ್ರಿ. ಮನೆಯ ಕಡಲೆಗಳನ್ನು ನೆರಳಿನಲ್ಲೇ ಅಂಟಿಸಿದ್ದೀರಾ ನೋಡಿಕೊಳ್ಳಿ.

ಕೇಳುವ ಪ್ರಶ್ನೆಗಳು

ಚಾವಣಿ ಬಿದ್ದರೆ? ಗುರುತ್ವ ಕಡಿಮೆ ಇರುವುದರಿಂದ ಅಲ್ಲಿನ ಕೊಳವೆಗಳು ಭೂಮಿಯವಕ್ಕಿಂತ ಬಹಳ ಅಗಲವಾಗಿದ್ದರೂ ನಿಲ್ಲುತ್ತವೆ. ಒಂದು ಕಿ.ಮೀ.ಗೂ ಮೀರಿದ ಅಗಲ ತಡೆಯಬಲ್ಲದು ಅಂತ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರ ಲೆಕ್ಕ ಇದೆ. ನಮ್ಮದು ಬರೀ 45 ಮೀಟರ್. ಹಾಗಂತ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ, ಚಂದ್ರಕಂಪನಗಳೂ ಇವೆ, ಅಪೊಲೊ ಯಾತ್ರಿಗಳು ಇಟ್ಟುಬಂದ ಯಂತ್ರಗಳು 1977ರವರೆಗೆ ಅವನ್ನು ದಾಖಲಿಸಿದವು. ಮೊದಲು ರೋಬೋ ಇಳಿಯಬೇಕು.

ಉಸಿರಾಟಕ್ಕೆ? ಒಬ್ಬರಿಗೆ ದಿನಕ್ಕೆ 840 ಗ್ರಾಂ ಆಮ್ಲಜನಕ ಬೇಕು. ಚಂದ್ರನ ಮಣ್ಣಿನ ತೂಕದಲ್ಲಿ ಶೇ 40ಕ್ಕೂ ಹೆಚ್ಚು ಆಮ್ಲಜನಕವೇ, ಆದರೆ ಕಲ್ಲಿನೊಳಗೆ ಬಿಗಿದುಕೊಂಡಿದೆ. ಬಿಡಿಸಲು ಕಾಯಿಸಬೇಕು, ಕಾಯಿಸಲು ಕರೆಂಟು ಬೇಕು. ಸುತ್ತಿ ಸುತ್ತಿ ಕರೆಂಟಿಗೇ ಬರುತ್ತದೆ.

ಧೂಳು? ಗಾಳಿ ಮಳೆ ಇಲ್ಲದ್ದರಿಂದ ಅಲ್ಲಿನ ಕಣಗಳ ಮೊನೆ ಸವೆದಿಲ್ಲ. ಅಪೊಲೊ 17ರ ಹ್ಯಾರಿಸನ್ ಸ್ಮಿಟ್ ಅವರಿಗೆ ಆ ಧೂಳಿನಿಂದ ಮೂಗು ಕಟ್ಟಿಕೊಂಡಿತ್ತು. ಮನೆಯ ಬಾಗಿಲಲ್ಲೇ ಉಡುಪು ಬಿಡುವ ಕೋಣೆ ತೋರಿಸಿ.

ಈಗ ನೀರು. ಇಲ್ಲಿ ಸ್ವಲ್ಪ ನಿಲ್ಲಿ, ಯಾಕೆಂದರೆ ಇಡೀ ಗುಹೆಯ ಆಸೆಗೆ ಪೆಟ್ಟು ಬೀಳುವುದು ಇಲ್ಲಿಯೇ. ಚಂದ್ರನಲ್ಲಿ ನೀರಿನ ಅಂಶ ಇದೆ ಅಂತ 2009ರಲ್ಲಿ ತೋರಿಸಿದ್ದು ಚಂದ್ರಯಾನ-1, ಸರಿ. ಆದರೆ ಬಳಸುವಷ್ಟು ಮಂಜುಗಡ್ಡೆ ಇರುವುದು ಧ್ರುವಗಳ ಹತ್ತಿರ, ಬಿಸಿಲೇ ಬೀಳದ ಕುಳಿಗಳಲ್ಲಿ. ನಮ್ಮ ಗುಂಡಿ ಇರುವುದು ಸಮಭಾಜಕದಿಂದ ಉತ್ತರಕ್ಕೆ 8 ಡಿಗ್ರಿಯಲ್ಲಿ. ಚಂದ್ರನ ಮೇಲೆ ಒಂದು ಡಿಗ್ರಿ ಅಂದರೆ ಸುಮಾರು 30 ಕಿ.ಮೀ., ಹಾಗಾಗಿ ಹತ್ತಿರದ ಧ್ರುವಕ್ಕೇ ಸುಮಾರು 2,500 ಕಿ.ಮೀ. ರಸ್ತೆ ಇಲ್ಲ, ಟ್ಯಾಂಕರ್ ಇಲ್ಲ. ಮನೆ ಒಂದು ಕಡೆ, ನೀರು ಇನ್ನೊಂದು ಕಡೆ. ಬೇಸಿಗೆಯಲ್ಲಿ ಟ್ಯಾಂಕರ್ ಕಾದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಹ್ಯಾಕಾಶ ನಿಲ್ದಾಣದಲ್ಲಿ 2023ರ ಹೊತ್ತಿಗೆ ಬೆವರು ಮೂತ್ರ ಎಲ್ಲ ಸೇರಿ ಶೇ 98ರಷ್ಟು ನೀರನ್ನು ಮತ್ತೆ ಬಳಸುವಂತೆ ಮಾಡಿದ್ದಾರೆ, ಅದರಿಂದ ಕೆಲವರು ಬದುಕಬಹುದು. ಊರು ಬೆಳೆಯುವುದು ಕಷ್ಟ. ನನ್ನ ಲೆಕ್ಕದಲ್ಲಿ ಮೊದಲ ಬಿಡಾರ ಬೀಳುವುದು ದಕ್ಷಿಣ ಧ್ರುವದ ಕಡೆಗೇ, ಚಂದ್ರನಿಗೆ ಮತ್ತೆ ಜನರನ್ನು ಕಳಿಸುವ ನಾಸಾದ ಆರ್ಟೆಮಿಸ್ ಯೋಜನೆ ಕಣ್ಣಿಟ್ಟಿರುವುದೂ ಅಲ್ಲಿಗೇ. ಗುಹೆಗೆ ಮೊದಲು ರೋಬೋ, ಆಮೇಲೆ ಸಂಶೋಧಕರು, ಸಂಸಾರ ಬಹಳ ತಡ. ತೀರ್ಪುಗಾರರು ಕೇಳುವ ಮೊದಲೇ ನೀವೇ ಇದನ್ನು ಹೇಳಿಬಿಡಿ.

ಜಾಗ ಯಾರದು? ಯಾರದೂ ಅಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾವ ದೇಶವೂ ಚಂದ್ರನನ್ನು ತನ್ನದು ಅನ್ನುವಂತಿಲ್ಲ. ಆನ್‌ಲೈನ್‌ನಲ್ಲಿ ಚಂದ್ರನ ಪ್ಲಾಟ್ ಮಾರುತ್ತಾರಲ್ಲ, ಆ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಬಹುದು ಅಷ್ಟೇ.

ಮಾಳಿಗೆಯಿಂದ ತೋರಿಸುವುದು

ಪ್ರದರ್ಶನ ಸಂಜೆಯವರೆಗೂ ಇದ್ದು, ಶುಕ್ಲಪಕ್ಷದ ಷಷ್ಠಿ ಸಪ್ತಮಿ ಹೊತ್ತಿಗೆ ಬಂದರೆ ನಿಮ್ಮ ಅದೃಷ್ಟ. ಸಾದಾ ಬೈನಾಕ್ಯುಲರ್ ಸಾಕು. ಸೂರ್ಯ ಮುಳುಗಿದ ಕಡೆಗಿನ ಬೆಳಗಿದ ಭಾಗದಲ್ಲಿ, ಅಂಚಿನ ಹತ್ತಿರ ಒಂಟಿಯಾಗಿ ಒಂದು ದುಂಡನೆಯ ಕಪ್ಪು ಕಲೆ ಕಾಣುತ್ತದೆ, ಅದು ಮಾರೆ ಕ್ರಿಸಿಯಂ. ಅಲ್ಲಿಂದ ಒಳಕ್ಕೆ ಬಂದರೆ ಸಿಗುವ ದೊಡ್ಡ ಕಪ್ಪು ಬಯಲೇ ಶಾಂತಿಸಾಗರ. ಮರಿಯಸ್ ಹಿಲ್ಸ್ ಪ್ರದೇಶಕ್ಕೆ ಬಿಸಿಲು ಬರಲು ತ್ರಯೋದಶಿವರೆಗೆ ಕಾಯಬೇಕು. ಗುಂಡಿಯೇ ಕಾಣುತ್ತದೆ ಅಂತ ಯಾರಿಗೂ ಹೇಳಬೇಡಿ, 3,84,000 ಕಿ.ಮೀ. ದೂರದ 100 ಮೀಟರ್ ತೂತು ಶಾಲೆಯ ಟೆಲಿಸ್ಕೋಪಿಗೆ ಸಿಗುವುದಿಲ್ಲ.

ಇನ್ನು ಸಾಗಿಸುವುದು. 40 ಸೆಂ.ಮೀ. ಎತ್ತರದ ಮಾಡೆಲ್ ಆಟೊದಲ್ಲಿ ತೊಡೆಯ ಮೇಲೆ ಕೂರುವುದಿಲ್ಲ, ಬಸ್ಸಿನಲ್ಲಂತೂ ಕಂಡಕ್ಟರ್ ಬೈಯುತ್ತಾರೆ. ಎರಡು ಗಂಟಾಗಿ ಇಡಿ ಅಂದದ್ದು ಇದಕ್ಕೇ. ಮೇಲಿನದನ್ನು ಒಬ್ಬರು, ಕೆಳಗಿನದನ್ನು ಒಬ್ಬರು ಹಿಡಿಯಲಿ, ಖಡಿ ಬೇರೆ ಚೀಲದಲ್ಲಿ ಬರಲಿ. ಜೋಡಿಸುವಾಗ ಜಾರದಂತೆ ನಾಲ್ಕು ಮೂಲೆಗೆ ಉದ್ದನೆಯ ಬಿದಿರುಕಡ್ಡಿ ಚುಚ್ಚಿ. ಜೋಳದ ಕಾಳು ನಾಲ್ಕು ಜಾಸ್ತಿಯೇ ಜೇಬಿನಲ್ಲಿ ಇರಲಿ, ನೋಡಲು ಬಂದ ಸಣ್ಣ ಮಕ್ಕಳು ನಿಮ್ಮ ಗಗನಯಾತ್ರಿಗಳನ್ನು ಕಿತ್ತುಕೊಂಡು ಹೋಗುತ್ತಾರೆ.